ಹೆಸರಿಲ್ಲದ ಚಿತ್ರ ಯಾರದೂ ಅಲ್ಲ

ಒಂದು ಕುಟುಂಬದ ಚರಿತ್ರೆ ಎಲ್ಲಿರುತ್ತದೆ ಎಂದು ಕೇಳಿದರೆ ಹಿಂದಿನವರು ಮೂರು ಸ್ಥಳಗಳನ್ನು ತೋರಿಸುತ್ತಿದ್ದರು: ಹಿರಿಯರ ನೆನಪು, ಧರ್ಮಕೇಂದ್ರದ ದಾಖಲೆ ಪುಸ್ತಕ ಮತ್ತು ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಬಿಟ್ಟ ಛಾಯಾಚಿತ್ರ. ಈಗ ನಾಲ್ಕನೆಯದೊಂದು ಸೇರಿಕೊಂಡಿದೆ. ಅದು ನಮ್ಮೆಲ್ಲರ ಕಿಸೆಯಲ್ಲಿರುವ ಮೊಬೈಲು. ಮೊದಲ ಮೂರು ಸ್ಥಳಗಳಲ್ಲಿ ಇದ್ದುದು ಸ್ವಲ್ಪವೇ ಆದರೂ ಅದರಲ್ಲಿ ಕ್ರಮವಿತ್ತು, ಹೆಸರಿತ್ತು. ನಾಲ್ಕನೆಯದರಲ್ಲಿ ಚಿತ್ರಗಳಿಗೆ ಲೆಕ್ಕವೇ ಇಲ್ಲ. ಆದರೆ ಬೇಕಾದ ಒಂದು ಚಿತ್ರ ಬೇಕಾದಾಗ ಸಿಗುವುದಿಲ್ಲ.

ಫಿಲಂ ಕ್ಯಾಮರಾದ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರಗಳು. ಮದುವೆಯೊಂದಕ್ಕೆ ಎರಡು ಮೂರು ರೋಲು ತುಂಬಿಸಿದರೆ ಅದೇ ದೊಡ್ಡ ಸಂಗತಿ. ಇಂದು ಸಾಧಾರಣ ಕುಟುಂಬವೊಂದರ ಮೊಬೈಲುಗಳಲ್ಲೆಲ್ಲಾ ಸೇರಿ 10,000 ಚಿತ್ರಗಳಿದ್ದರೆ ಅದು ಅಚ್ಚರಿಯಲ್ಲ. ಹಳೆಯ ಲೆಕ್ಕದಲ್ಲಿ ಅದು 277 ರೋಲುಗಳಿಗಿಂತಲೂ ಹೆಚ್ಚು. ಚಿತ್ರವೊಂದಕ್ಕೆ 4 ಮೆಗಾಬೈಟ್ ಎಂದು ಹಿಡಿದರೂ ಒಟ್ಟು ಸುಮಾರು 40 ಗಿಗಾಬೈಟ್. ಇಷ್ಟನ್ನು ಇಟ್ಟುಕೊಳ್ಳುವುದು ಇಂದು ದುಬಾರಿಯಲ್ಲ. ದುಬಾರಿಯಾಗಿರುವುದು ಹುಡುಕುವುದು. ಅದಕ್ಕಿಂತಲೂ ದುಬಾರಿಯಾದುದು, ಚಿತ್ರದಲ್ಲಿರುವವರು ಯಾರೆಂದು ಹೇಳಬಲ್ಲವರು ಒಬ್ಬೊಬ್ಬರಾಗಿ ಇಲ್ಲವಾಗುವುದು.

ರಾಯಚೂರಿನಿಂದ ಮಂತ್ರಾಲಯದ ಕಡೆಗೆ ಹೋಗುವ ದಾರಿಯಲ್ಲಿರುವ ಯರಗೇರಾದಂತಹ ಊರನ್ನೇ ತೆಗೆದುಕೊಳ್ಳೋಣ. ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಆರಂಭವಾಗಿ ಇಂದು ರಾಯಚೂರಿನದೇ ಆದ ವಿಶ್ವವಿದ್ಯಾಲಯದ ಆವರಣ ಅಲ್ಲಿದೆ. ಗಣಕಯಂತ್ರ ಬಲ್ಲ ಯುವಜನರಿಗೆ ಕೊರತೆಯಿಲ್ಲ. ಅದೇ ಸಮಯದಲ್ಲಿ ಆ ಭಾಗದ ಮಕ್ಕಳು ಓದಿಗಾಗಿ, ಕೆಲಸಕ್ಕಾಗಿ ಬೆಂಗಳೂರು, ಹೈದರಾಬಾದುಗಳಿಗೆ ಹೋಗುತ್ತಿದ್ದಾರೆ. ಹಿರಿಯರು ಯರಗೇರಾದಲ್ಲಿ, ದೇವದುರ್ಗದಲ್ಲಿ, ಮಾನ್ವಿಯಲ್ಲಿ ಉಳಿದಿದ್ದಾರೆ. ಚಿತ್ರಗಳು ಒಂದು ಊರಿನಲ್ಲಿ, ಅವುಗಳ ಅರ್ಥ ಬಲ್ಲವರು ಇನ್ನೊಂದು ಊರಿನಲ್ಲಿ. ಈ ಅಂತರವನ್ನು ತುಂಬುವ ಕೆಲಸವೇ ಈ ಲೇಖನದ ವಿಷಯ. ಅದಕ್ಕೆ ಬೇಕಾದ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಬೇಕಾದ ಶಿಸ್ತು ಮಾತ್ರ ನಮ್ಮದಾಗಿರಬೇಕು.

ಧರ್ಮಕೇಂದ್ರದ ಪುಸ್ತಕ ಕಲಿಸುವ ಪಾಠ

ಈ ಶಿಸ್ತು ನಮಗೆ ಹೊಸದಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆಯು ವಿವಾಹಗಳ ಬಗ್ಗೆ ಹೊರಡಿಸಿದ ಆಜ್ಞೆಯಲ್ಲಿ, ಪ್ರತಿಯೊಬ್ಬ ಧರ್ಮಕೇಂದ್ರದ ಗುರುವೂ ಒಂದು ಪುಸ್ತಕವನ್ನಿಟ್ಟು ಅದರಲ್ಲಿ ವಧೂವರರ ಹೆಸರು, ಸಾಕ್ಷಿಗಳ ಹೆಸರು, ಮದುವೆ ನಡೆದ ದಿನ ಮತ್ತು ಸ್ಥಳವನ್ನು ಬರೆದಿಡಬೇಕೆಂದು ವಿಧಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 535ನೆಯ ವಿಧಿಯು ಜ್ಞಾನಸ್ನಾನ, ವಿವಾಹ ಮತ್ತು ಮರಣಗಳ ಪುಸ್ತಕಗಳು ಪ್ರತಿ ಧರ್ಮಕೇಂದ್ರದಲ್ಲಿರಬೇಕೆಂದೂ, ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂದೂ ಹೇಳುತ್ತದೆ. ಯಾರು, ಯಾರ ಸಮಕ್ಷಮ, ಎಂದು, ಎಲ್ಲಿ ಎಂಬ ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವಿರುವುದರಿಂದಲೇ ನೂರು ವರ್ಷದ ಹಿಂದಿನ ಒಂದು ಸಾಲು ಇಂದಿಗೂ ಪ್ರಮಾಣವಾಗಿ ನಿಲ್ಲುತ್ತದೆ.

ಆ ಪುಸ್ತಕದಲ್ಲಿ ಇನ್ನೊಂದು ಜಾಣತನವಿದೆ. ದಾಖಲೆಗಳು ದಿನಾಂಕದ ಕ್ರಮದಲ್ಲಿ ಒಂದರ ಕೆಳಗೊಂದು ಬರುತ್ತವೆ. ಮುಂದೆ ಆ ವ್ಯಕ್ತಿಗೆ ಮದುವೆಯಾದಾಗ, ಜ್ಞಾನಸ್ನಾನದ ಸಾಲಿನ ಪಕ್ಕದಲ್ಲಿಯೇ ಅದರ ಟಿಪ್ಪಣಿಯನ್ನು ಬರೆಯುತ್ತಾರೆ. ಸಾಲು ತನ್ನ ಜಾಗವನ್ನು ಬಿಟ್ಟು ಕದಲುವುದಿಲ್ಲ. ಅದರ ಮೇಲೆ ತಿಳಿವಳಿಕೆ ಮಾತ್ರ ಸೇರುತ್ತಾ ಹೋಗುತ್ತದೆ. ಚಿತ್ರಗಳನ್ನು ಜೋಡಿಸುವ ವಿದ್ಯೆಯ ಸಾರವೂ ಇಷ್ಟೇ. ಚಿತ್ರಕ್ಕೆ ದಿನಾಂಕದ ಪ್ರಕಾರ ಒಂದೇ ಜಾಗ. ಅದರ ಮೇಲೆ ಬೇಕಾದಷ್ಟು ಟಿಪ್ಪಣಿ.

ಫೋಲ್ಡರಿನ ಹೆಸರು ವರ್ಷದಿಂದ ಆರಂಭವಾಗಲಿ

ಹೆಚ್ಚಿನವರು ಮಾಡುವ ಮೊದಲ ಪ್ರಯತ್ನ ವ್ಯಕ್ತಿಗೊಂದು ಫೋಲ್ಡರ್ ಮಾಡುವುದು: ಅಜ್ಜಿಯದೊಂದು, ಕಾಕಾನದೊಂದು, ಮಗಳದೊಂದು. ಒಂದು ವಾರದಲ್ಲಿಯೇ ತೊಡಕು ಕಾಣಿಸಿಕೊಳ್ಳುತ್ತದೆ. ಐದು ಜನ ಒಟ್ಟಿಗೆ ನಿಂತ ಚಿತ್ರವನ್ನು ಯಾರ ಫೋಲ್ಡರಿಗೆ ಹಾಕುವುದು? ಐದಕ್ಕೂ ಹಾಕಿದರೆ ಒಂದೇ ಚಿತ್ರದ ಐದು ಪ್ರತಿಗಳಾಗುತ್ತವೆ. ಮುಂದೆ ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಬೇಕು ಎಂಬುದೇ ತಿಳಿಯದಾಗುತ್ತದೆ.

ಆದಕಾರಣ ಅನುಭವಸ್ಥರು ಹೇಳುವುದು ದಿನಾಂಕದ ಕ್ರಮ. ಎಲ್ಲ ಚಿತ್ರಗಳಿಗೂ ಒಂದೇ ಮುಖ್ಯ ಫೋಲ್ಡರ್, ಅದರೊಳಗೆ ವರ್ಷಕ್ಕೊಂದು, ವರ್ಷದೊಳಗೆ ಸಂದರ್ಭಕ್ಕೊಂದು. ಸಂದರ್ಭದ ಹೆಸರನ್ನು ಹೀಗೆ ಬರೆಯಬಹುದು: "2019-05-12 ಮದುವೆ ಮಾನ್ವಿ", "2021-12-25 ಕ್ರಿಸ್ಮಸ್ ಯರಗೇರಾ". ಮೊದಲು ವರ್ಷ, ಅನಂತರ ತಿಂಗಳು, ಕೊನೆಗೆ ದಿನ ಬರೆಯುವುದಕ್ಕೆ ಕಾರಣವಿದೆ. ಗಣಕಯಂತ್ರವು ಹೆಸರುಗಳನ್ನು ಎಡದಿಂದ ಓದಿ ಜೋಡಿಸುತ್ತದೆ. ನಾವು ರೂಢಿಯಂತೆ ದಿನವನ್ನು ಮೊದಲು ಬರೆದರೆ ಹಲವು ವರ್ಷಗಳ ಒಂದನೆಯ ತಾರೀಖುಗಳೆಲ್ಲ ಒಂದೆಡೆ ಸೇರಿ ಕಾಲಕ್ರಮ ಕದಡಿಹೋಗುತ್ತದೆ. ವರ್ಷ ಮೊದಲಿದ್ದರೆ ಎಲ್ಲವೂ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಅಂತರರಾಷ್ಟ್ರೀಯ ಪ್ರಮಾಣೀಕರಣ ಸಂಸ್ಥೆಯು 1988ರಲ್ಲಿ ಪ್ರಕಟಿಸಿದ 8601 ಸಂಖ್ಯೆಯ ಪ್ರಮಾಣವೂ ಇದೇ ಕ್ರಮವನ್ನು ಹೇಳುತ್ತದೆ. ತಿಂಗಳು, ದಿನಗಳನ್ನು 5 ಎನ್ನದೆ 05 ಎಂದು ಎರಡಂಕಿಯಲ್ಲಿಯೇ ಬರೆಯುವುದನ್ನು ಮರೆಯಬಾರದು.

ಸಂದರ್ಭದ ಹೆಸರನ್ನು ಕನ್ನಡದಲ್ಲಿ ಬರೆಯಬಹುದೇ ಎಂದು ಕೆಲವರು ಶಂಕಿಸುತ್ತಾರೆ. ಧಾರಾಳವಾಗಿ ಬರೆಯಬಹುದು; ಆದರೆ ಯೂನಿಕೋಡ್ ಕನ್ನಡದಲ್ಲಿ ಬರೆಯಬೇಕು. ಹಿಂದಿನ ಹಲವು ಅಕ್ಷರವಿನ್ಯಾಸಗಳಲ್ಲಿ ಬರೆದ ಕನ್ನಡವು ಆ ವಿನ್ಯಾಸವಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುವುದನ್ನು ಕಚೇರಿಗಳಲ್ಲಿ ಕೆಲಸ ಮಾಡಿದವರೆಲ್ಲ ನೋಡಿದ್ದಾರೆ. ಮೊಬೈಲಿನಲ್ಲಿ ನಾವು ದಿನನಿತ್ಯ ಬರೆಯುವ ಕನ್ನಡ ಯೂನಿಕೋಡೇ ಆಗಿರುತ್ತದೆ. ಅಂಕಿಗಳನ್ನು ಮಾತ್ರ 0ಯಿಂದ 9ರವರೆಗಿನ ರೂಢಿಯ ಅಂಕಿಗಳಲ್ಲಿಯೇ ಇಟ್ಟರೆ ಕ್ರಮ ಎಲ್ಲೆಡೆಯೂ ಒಂದೇ ಆಗಿರುತ್ತದೆ.

ಚಿತ್ರದೊಳಗೆ ಅಡಗಿರುವ ಬರಹ

ಕ್ಯಾಮರಾ ಅಥವಾ ಮೊಬೈಲು ಚಿತ್ರ ತೆಗೆದಾಗ ಬಣ್ಣಗಳನ್ನಷ್ಟೇ ದಾಖಲಿಸುವುದಿಲ್ಲ. ತೆಗೆದ ದಿನ, ಗಂಟೆ, ಕ್ಯಾಮರಾದ ಹೆಸರು, ಅನುಮತಿ ಕೊಟ್ಟಿದ್ದರೆ ಭೂಮಿಯ ಮೇಲಿನ ಸ್ಥಾನ, ಇವೆಲ್ಲವನ್ನೂ ಕಡತದೊಳಗೇ ಬರೆದಿಡುತ್ತದೆ. ಜಪಾನಿನಲ್ಲಿ 1995ರಲ್ಲಿ ರೂಪುಗೊಂಡ ಈ ಪದ್ಧತಿಗೆ ಎಕ್ಸಿಫ್ ಎಂದು ಹೆಸರು. ಚಿತ್ರ ನಿರ್ವಹಣೆಯ ತಂತ್ರಾಂಶಗಳು ಈ ಬರಹವನ್ನು ಓದಿಯೇ ಸಾವಿರಾರು ಚಿತ್ರಗಳನ್ನು ಕ್ಷಣಮಾತ್ರದಲ್ಲಿ ವರ್ಷ, ತಿಂಗಳುಗಳ ಪ್ರಕಾರ ಬೇರ್ಪಡಿಸುತ್ತವೆ.

ಆದರೆ ಈ ಬರಹವನ್ನು ಕುರುಡಾಗಿ ನಂಬಲಾಗದ ಮೂರು ಸಂದರ್ಭಗಳಿವೆ. ಮೊದಲನೆಯದು ಕ್ಯಾಮರಾದ ಗಡಿಯಾರ. ಬ್ಯಾಟರಿ ಪೂರ್ತಿ ಇಳಿದುಹೋದಾಗ ಹಲವು ಹಳೆಯ ಕ್ಯಾಮರಾಗಳ ಗಡಿಯಾರ ಆರಂಭದ ದಿನಾಂಕಕ್ಕೆ ಮರಳುತ್ತದೆ. ಅನಂತರ ತೆಗೆದ ಚಿತ್ರಗಳೆಲ್ಲ ಯಾವುದೋ ಹಳೆಯ ವರ್ಷದ ಜನವರಿ 1ನ್ನು ತೋರಿಸುತ್ತವೆ. ಒಳ್ಳೆಯ ತಂತ್ರಾಂಶದಲ್ಲಿ ಅಂತಹ ಚಿತ್ರಗಳನ್ನು ಒಟ್ಟಿಗೆ ಆರಿಸಿ, ಎಲ್ಲದರ ಸಮಯವನ್ನೂ ಒಂದೇ ಬಾರಿಗೆ ಸರಿಸಬಹುದು.

ಎರಡನೆಯದು ವಾಟ್ಸಾಪ್. ಅದರ ಮೂಲಕ ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ಚಿತ್ರವು ಕುಗ್ಗುತ್ತದೆ. ತೆಗೆದ ದಿನ ಮತ್ತು ಸ್ಥಳದ ಬರಹ ಅಳಿಸಿಹೋಗುತ್ತದೆ. ಅದರ ಕಡತದ ಹೆಸರಿನಲ್ಲಿ ಒಂದು ದಿನಾಂಕ ಕಾಣುವುದು ನಿಜ, ಆದರೆ ಅದು ಚಿತ್ರವನ್ನು ತೆಗೆದ ದಿನವಲ್ಲ, ಅದು ನಮ್ಮ ಮೊಬೈಲಿಗೆ ಬಂದ ದಿನ. ಹತ್ತು ವರ್ಷದ ಹಿಂದಿನ ಮದುವೆಯ ಚಿತ್ರವನ್ನು ಯಾರೋ ನಿನ್ನೆ ಕಳುಹಿಸಿದರೆ ಅದು ನಿನ್ನೆಯ ಮದುವೆಯಾಗಿಬಿಡುತ್ತದೆ! ನಮ್ಮ ಕುಟುಂಬಗಳ ಎಷ್ಟೋ ಮುಖ್ಯ ಚಿತ್ರಗಳು ಇಂದು ಈ ರೂಪದಲ್ಲಿ ಮಾತ್ರ ಉಳಿದಿವೆ. ಮೂಲ ಚಿತ್ರ ಯಾರ ಬಳಿ ಇದೆಯೋ ಅವರಿಂದ ಅದನ್ನು 'ಡಾಕ್ಯುಮೆಂಟ್' ಎಂಬ ರೂಪದಲ್ಲಿ ಕಳುಹಿಸಲು ಕೇಳಿಕೊಂಡರೆ ಚಿತ್ರವೂ ಅದರೊಳಗಿನ ಬರಹವೂ ಇದ್ದಂತೆಯೇ ಬರುತ್ತವೆ.

ಮೂರನೆಯದು ಹಳೆಯ ಕಾಗದದ ಚಿತ್ರಗಳ ಸ್ಕ್ಯಾನ್ ಪ್ರತಿ. 1978ರ ಚಿತ್ರವನ್ನು ಇಂದು ಸ್ಕ್ಯಾನ್ ಮಾಡಿದರೆ ಕಡತದ ಮೇಲೆ ಇಂದಿನ ದಿನಾಂಕವೇ ಬೀಳುತ್ತದೆ. ಅದನ್ನು ಕೈಯಿಂದಲೇ ತಿದ್ದಬೇಕು. ದಿನ ತಿಳಿಯದಿದ್ದರೆ ವರ್ಷ, ವರ್ಷವೂ ಖಚಿತವಿಲ್ಲದಿದ್ದರೆ ಫೋಲ್ಡರಿನ ಹೆಸರಿನಲ್ಲಿ "1978 ಸುಮಾರು" ಎಂದು ಬರೆಯುವುದು ಪ್ರಾಮಾಣಿಕವಾದ ಮಾರ್ಗ. ಊಹೆಯನ್ನು ಊಹೆಯೆಂದೇ ಬರೆದಿಟ್ಟರೆ ಮುಂದಿನವರು ಮೋಸಹೋಗುವುದಿಲ್ಲ.

ದಿನ ಮತ್ತು ಸ್ಥಳ ತಿಳಿದಿರುವುದರಿಂದ ಚಿತ್ರಕ್ಕೆ ಎಷ್ಟು ಬೆಲೆ ಬರುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲಿಯೇ ನಿದರ್ಶನವಿದೆ. ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬವರು 1856ರಲ್ಲಿ ಹಂಪಿಯ ಅವಶೇಷಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದಿದ್ದರು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಸ್ಥಳಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸುಮಾರು 127 ವರ್ಷಗಳಲ್ಲಿ ಯಾವ ಕಂಬ ಬಿದ್ದಿತು, ಯಾವ ಗೋಡೆ ನಿಂತಿತು ಎಂಬುದು ಕಣ್ಣಿಗೆ ಕಾಣುತ್ತದೆ. ಊರು ಯಾವುದು, ವರ್ಷ ಯಾವುದು ಎಂದು ತಿಳಿಯದೆ ಇದ್ದಿದ್ದರೆ ಅವು ಬರಿಯ ಕಲ್ಲುಗಳ ಚಿತ್ರಗಳಾಗಿ ಉಳಿಯುತ್ತಿದ್ದವು.

ಹೆಸರಿನ ಚೀಟಿ ಮತ್ತು ತಂತ್ರಾಂಶ

ಫೋಲ್ಡರುಗಳ ಕ್ರಮ ಮುಗಿದ ಮೇಲೆ ಎರಡನೆಯ ಕೆಲಸ ಟ್ಯಾಗ್, ಅಂದರೆ ಹೆಸರಿನ ಚೀಟಿ ಅಂಟಿಸುವುದು. ಒಂದು ಚಿತ್ರ ಒಂದೇ ಫೋಲ್ಡರಿನಲ್ಲಿದ್ದರೂ ಅದಕ್ಕೆ ಹತ್ತು ಚೀಟಿಗಳನ್ನು ಅಂಟಿಸಬಹುದು: ಐದು ಜನರ ಹೆಸರು, ಊರಿನ ಹೆಸರು, ಸಂದರ್ಭ, ತೆಗೆದವರ ಹೆಸರು. ಆಮೇಲೆ ಅಜ್ಜಿಯ ಹೆಸರನ್ನು ಒತ್ತಿದರೆ ನಲವತ್ತು ವರ್ಷಗಳಲ್ಲಿ ಆಕೆಯಿರುವ ಚಿತ್ರಗಳೆಲ್ಲ ಒಟ್ಟಾಗಿ ಎದುರಿಗೆ ಬರುತ್ತವೆ. ಯಾವುದೂ ತನ್ನ ಫೋಲ್ಡರನ್ನು ಬಿಟ್ಟು ಕದಲಿರುವುದಿಲ್ಲ. ಜ್ಞಾನಸ್ನಾನದ ಸಾಲಿನ ಪಕ್ಕದ ಟಿಪ್ಪಣಿಯಂತೆಯೇ ಇದು.

ಈ ಕೆಲಸಕ್ಕೆ ಡಿಜಿಕ್ಯಾಮ್ ಎಂಬ ತಂತ್ರಾಂಶವನ್ನು ನೋಡಬಹುದು. ಅದು ಉಚಿತ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತದೆ. ಅದರಲ್ಲಿ ಆಲ್ಬಂ ಎಂದರೆ ನಮ್ಮ ಡಿಸ್ಕಿನಲ್ಲಿರುವ ನಿಜವಾದ ಫೋಲ್ಡರೇ ಆಗಿರುತ್ತದೆ. ಹಲವು ಚಿತ್ರಗಳ ಹೆಸರನ್ನು ಒಟ್ಟಿಗೆ ಬದಲಿಸುವ, ಒಂದೇ ತೆರನಾದ ಚಿತ್ರಗಳನ್ನು ಹುಡುಕಿ ತೋರಿಸುವ, ಮುಖಗಳನ್ನು ಗುರುತಿಸಿ ಒಟ್ಟುಗೂಡಿಸುವ ಸೌಲಭ್ಯಗಳಿವೆ. ಮುಖ ಗುರುತಿಸುವ ಕೆಲಸ ನಮ್ಮ ಯಂತ್ರದಲ್ಲಿಯೇ ನಡೆಯುವುದರಿಂದ ಮನೆಮಕ್ಕಳ ಚಿತ್ರಗಳು ಹೊರಗೆ ಹೋಗಬೇಕಾಗಿಲ್ಲ. ಯಂತ್ರ ಗುರುತಿಸಿದ್ದನ್ನು ನಾವು ಒಮ್ಮೆ ನೋಡಿ ಒಪ್ಪಬೇಕು, ಏಕೆಂದರೆ ಅಕ್ಕತಂಗಿಯರನ್ನೂ ತಂದೆಮಕ್ಕಳನ್ನೂ ಅದು ಅದಲುಬದಲು ಮಾಡುವುದುಂಟು.

ಇಲ್ಲಿಯೇ ಬಹುಮುಖ್ಯವಾದ ಎಚ್ಚರಿಕೆಯ ಮಾತೊಂದಿದೆ. ಹೆಸರಿನ ಚೀಟಿ ಎಲ್ಲಿ ಸಂಗ್ರಹವಾಗುತ್ತದೆ? ಕೆಲವು ತಂತ್ರಾಂಶಗಳು ಅದನ್ನು ತಮ್ಮದೇ ಆದ ಪಟ್ಟಿಯಲ್ಲಿ ಬರೆದುಕೊಳ್ಳುತ್ತವೆ, ಚಿತ್ರದೊಳಗೆ ಬರೆಯುವುದಿಲ್ಲ. ಆ ತಂತ್ರಾಂಶ ಇರುವವರೆಗೆ ಎಲ್ಲವೂ ಸರಿ. ಅದು ಹೋದರೆ ನಮ್ಮ ಪರಿಶ್ರಮವೂ ಹೋಯಿತು. ಪಿಕಾಸಾ ಎಂಬ ತಂತ್ರಾಂಶವನ್ನು ಅನೇಕ ಓದುಗರು ಬಳಸಿರಬಹುದು. 2004ರಲ್ಲಿ ಗೂಗಲ್ ಅದನ್ನು ಕೊಂಡು ಉಚಿತವಾಗಿ ಹಂಚಿತು. ಅಂತಹ ಸರಳವಾದ ಸಾಧನ ಇನ್ನೊಂದಿಲ್ಲವೆಂದು ಜನ ಮೆಚ್ಚಿದರು. 2016ರ ಮಾರ್ಚಿನಲ್ಲಿ ಅದರ ಬೆಂಬಲ ನಿಂತಿತು. ಮುಖಗಳಿಗೆ ಕೊಟ್ಟ ಹೆಸರುಗಳನ್ನು ಚಿತ್ರದೊಳಗೇ ಬರೆಯುವ ಆಯ್ಕೆಯನ್ನು ಗುರುತುಹಾಕಿಕೊಂಡಿದ್ದವರ ಹೆಸರುಗಳು ಉಳಿದವು. ಉಳಿದವರ ಹೆಸರುಗಳು ಪಿಕಾಸಾದ ಪಟ್ಟಿಗಳಲ್ಲಿಯೇ ಉಳಿದುಹೋದವು.

2015ರಲ್ಲಿ ಬಂದ ಗೂಗಲ್ ಫೋಟೋಸ್‌ನ ಕಥೆಯೂ ವಿಚಾರಯೋಗ್ಯ. ಆರಂಭದಲ್ಲಿ ಸ್ವಲ್ಪ ಕುಗ್ಗಿಸಿದ ಚಿತ್ರಗಳನ್ನು ಎಷ್ಟು ಬೇಕಾದರೂ ಉಚಿತವಾಗಿ ಇಡಬಹುದಾಗಿತ್ತು. 2021ರ ಜೂನ್ 1ರಿಂದ ಆ ಸೌಕರ್ಯ ನಿಂತು, ಅಂಚೆ ಮತ್ತು ಇತರ ಕಡತಗಳೂ ಸೇರಿ 15 ಗಿಗಾಬೈಟ್ ಎಂಬ ಮಿತಿ ಬಂದಿತು. ಮೇಲೆ ಲೆಕ್ಕಹಾಕಿದ 40 ಗಿಗಾಬೈಟ್ ಅದರಲ್ಲಿ ಹಿಡಿಯದು. ಅಲ್ಲಿಂದ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಂಡಾಗ, ನಾವು ಅಲ್ಲಿ ಬರೆದ ವಿವರಗಳು ಚಿತ್ರದಿಂದ ಬೇರೆಯಾದ ಪುಟ್ಟ ಕಡತಗಳಲ್ಲಿ ಬರುತ್ತವೆ. ಇದು ಯಾವ ಸಂಸ್ಥೆಯ ಮೇಲಿನ ದೂರೂ ಅಲ್ಲ. ಬಾಡಿಗೆಯ ಮನೆಗೂ ಸ್ವಂತ ಮನೆಗೂ ಇರುವ ವ್ಯತ್ಯಾಸ ಇಲ್ಲಿಯೂ ಇದೆ ಎಂಬುದನ್ನು ತಿಳಿಯಬೇಕು, ಅಷ್ಟೇ.

ಆದ್ದರಿಂದ ನಿಯಮ ಸರಳವಾಗಿದೆ. ಕ್ರಮ ಫೋಲ್ಡರಿನ ಹೆಸರಿನಲ್ಲಿರಲಿ, ತಿಳಿವಳಿಕೆ ಚಿತ್ರದೊಳಗಿರಲಿ. ತಂತ್ರಾಂಶ ಕೇವಲ ಕೈಗೆ ಸಿಕ್ಕ ಸಲಕರಣೆ. ಡಿಜಿಕ್ಯಾಮ್‌ನ ಸಂಯೋಜನೆಗಳಲ್ಲಿ ಹೆಸರು, ಟಿಪ್ಪಣಿಗಳನ್ನು ಚಿತ್ರದ ಕಡತದೊಳಗೇ ಬರೆಯಬೇಕೆಂಬ ಆಯ್ಕೆಗಳಿವೆ. ಕೆಲಸ ಆರಂಭಿಸುವ ಮೊದಲೇ ಅವನ್ನು ಗುರುತುಹಾಕಿಕೊಳ್ಳಬೇಕು. ಹಾಗೆ ಮಾಡಿದರೆ ನಾಳೆ ಆ ತಂತ್ರಾಂಶವೂ ಇಲ್ಲವಾದರೆ ಇನ್ನೊಂದು ತಂತ್ರಾಂಶ ಅದೇ ಬರಹವನ್ನು ಓದುತ್ತದೆ. ಯಾವುದೂ ಇಲ್ಲದಿದ್ದರೂ "2019-05-12 ಮದುವೆ ಮಾನ್ವಿ" ಎಂಬ ಹೆಸರನ್ನು ಮನುಷ್ಯರ ಕಣ್ಣು ಓದುತ್ತದೆ.

ಹಿರಿಯರ ಬಳಿ ಕುಳಿತು

ಇದುವರೆಗೆ ಹೇಳಿದ್ದೆಲ್ಲ ಯುವಕರು ಮಾಡಬಲ್ಲ ಕೆಲಸ. ಅವರಿಂದಾಗದ ಕೆಲಸವೊಂದಿದೆ. ಪೆಟ್ಟಿಗೆಯ ತಳದಲ್ಲಿ, ಬೀರುವಿನ ಮೂಲೆಯಲ್ಲಿ ಇರುವ ಕಪ್ಪುಬಿಳುಪಿನ ಚಿತ್ರಗಳಲ್ಲಿ ನಿಂತಿರುವವರು ಯಾರು? ಅದನ್ನು ಎಪ್ಪತ್ತು, ಎಂಬತ್ತು ದಾಟಿದ ಹಿರಿಯರು ಮಾತ್ರ ಹೇಳಬಲ್ಲರು.

ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಮೊಮ್ಮಗಳು ಲ್ಯಾಪ್‌ಟಾಪಿನ ಪರದೆಯಲ್ಲಿ ಹಳೆಯ ಚಿತ್ರವೊಂದನ್ನು ದೊಡ್ಡದು ಮಾಡಿ, "ಅಮ್ಮಾ, ಈ ಪಟಕಾ ಸುತ್ತಿದವರು ಯಾರು?" ಎಂದು ಕೇಳುತ್ತಾಳೆ. ಅಜ್ಜಿ ಕನ್ನಡಕ ಸರಿಪಡಿಸಿಕೊಂಡು, "ಇವರು ನಿಮ್ಮ ಮುತ್ಯಾನ ಅಣ್ಣ ನೋಡವ್ವಾ. ಆ ವರ್ಷ ಮಳಿ ಆಗಲಿಲ್ಲ, ಹೈದರಾಬಾದಿಗೆ ದುಡಿಯಾಕ ಹೋದರು. ಹೋಗೋ ಮುಂದ ತೆಗೆಸಿದ್ದು" ಎನ್ನುತ್ತಾಳೆ. ಕೇಳಿದ್ದು ಒಂದು ಹೆಸರು. ದೊರೆತದ್ದು ಒಂದು ಬರಗಾಲ, ಒಂದು ವಲಸೆ, ಒಂದು ಅಗಲಿಕೆ. ಆ ಮಾತುಗಳನ್ನು ಅಜ್ಜಿ ಆಡಿದಂತೆಯೇ ಚಿತ್ರದ ಟಿಪ್ಪಣಿಯ ಜಾಗದಲ್ಲಿ ಬರೆದಿಟ್ಟರೆ ಕುಟುಂಬದ ಚರಿತ್ರೆಯ ಒಂದು ಪುಟ ಉಳಿಯಿತು. ಬರೆಯದೆ ಬಿಟ್ಟರೆ ಇನ್ನು ಕೆಲವು ವರ್ಷಗಳಲ್ಲಿ ಆತ ಪಟಕಾ ಸುತ್ತಿದ ಯಾರೋ ಒಬ್ಬರು.

ಕಾಗದದ ಚಿತ್ರಗಳನ್ನು ಸ್ಕ್ಯಾನ್ ಮಾಡುವಾಗ ಅಂಚೆ ಕಾರ್ಡಿನ ಅಳತೆಯವಕ್ಕೆ ಅಂಗುಲಕ್ಕೆ 300 ಚುಕ್ಕೆಗಳು ಸಾಕು. ಪಾಸ್‌ಪೋರ್ಟ್ ಅಳತೆಯ ಸಣ್ಣ ಚಿತ್ರಗಳಿಗೆ 600 ಒಳ್ಳೆಯದು. ಹಿಂಬದಿಯನ್ನೂ ಸ್ಕ್ಯಾನ್ ಮಾಡುವುದನ್ನು ಮರೆಯಬಾರದು. ಅಲ್ಲಿ ಸ್ಟುಡಿಯೋದ ಮುದ್ರೆ, ಮಸಿಯಲ್ಲಿ ಬರೆದ ತಾರೀಖು, ಕೆಲವೊಮ್ಮೆ ಕಳುಹಿಸಿದವರ ಸಹಿಯೂ ಇರುತ್ತದೆ. ಅಂಟಿನ ಪುಟಗಳ ಆಲ್ಬಮ್ಮಿನಿಂದ ಚಿತ್ರ ಸುಲಭವಾಗಿ ಬಿಡದಿದ್ದರೆ ಎಳೆಯದೆ, ಪುಟವನ್ನು ಕಿಟಕಿಯ ಬೆಳಕಿನಲ್ಲಿಟ್ಟು ಮೊಬೈಲಿನಿಂದ ನೇರವಾಗಿ ತೆಗೆದುಕೊಳ್ಳುವುದೇ ಜಾಣತನ. ಮದುವೆಯ ಸಿಡಿ, ಡಿವಿಡಿಗಳಿದ್ದರೆ ಅವನ್ನು ಇನ್ನು ತಡಮಾಡದೆ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಅವುಗಳ ಬರಹದ ಪದರ ಕಾಲಕ್ರಮದಲ್ಲಿ ಕೆಡುತ್ತದೆ. ಅವನ್ನು ಓದುವ ಡ್ರೈವು ಹೊಸ ಲ್ಯಾಪ್‌ಟಾಪುಗಳಲ್ಲಿ ಇರುವುದೇ ಅಪರೂಪ.

ಹೆಸರು ಬರೆಯದಿದ್ದರೆ ಏನಾಗುತ್ತದೆ ಎಂಬುದನ್ನು ಚರಿತ್ರೆಯೇ ತೋರಿಸಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಪ್ರಾಟೆಸ್ಟಂಟ್ ಸಂಸ್ಥೆಯವರು ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಲ್ಲಿಯೂ ಕೆಲಸ ಮಾಡಿದರು. ಅವರು ಲೋಕದ ನಾನಾ ಭಾಗಗಳಲ್ಲಿ ತೆಗೆದ ಸಾವಿರಾರು ಛಾಯಾಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದಾಖಲಾಗಾರದಲ್ಲಿವೆ. ಪ್ರತಿಯೊಂದಕ್ಕೂ ಕ್ರಮಸಂಖ್ಯೆಯಿದೆ, ವಿವರವಿದೆ. ಗಣಕೀಕರಣಗೊಂಡು ಇಂದು ಯಾರು ಬೇಕಾದರೂ ಮನೆಯಲ್ಲಿ ಕುಳಿತು ನೋಡಬಹುದು. ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯವು ಕಥೋಲಿಕ ಮತ್ತು ಪ್ರಾಟೆಸ್ಟಂಟ್ ಮಿಷನ್‌ಗಳ ಚಿತ್ರಗಳನ್ನು ಒಂದೆಡೆ ತಂದಿರುವ ಸಂಗ್ರಹದಲ್ಲಿಯೂ ಅವು ಸೇರಿವೆ. ಕ್ರಮ ಎಂದರೆ ಏನೆಂದು ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಆದರೆ ಇಂತಹ ಮಿಷನ್ ಸಂಗ್ರಹಗಳನ್ನು ತಿರುವಿಹಾಕುವಾಗ ಮನಸ್ಸಿಗೆ ತಟ್ಟುವ ಸಂಗತಿಯೊಂದಿದೆ. ವಿದೇಶದಿಂದ ಬಂದವರ ಹೆಸರುಗಳು ಬಹುಮಟ್ಟಿಗೆ ದಾಖಲಾಗಿವೆ. ಅವರ ಪಕ್ಕದಲ್ಲಿ ನಿಂತ ನಮ್ಮ ನಾಡಿನ ಜನ ಎಷ್ಟೋ ಕಡೆ ನೇಕಾರ, ಶಾಲಾಬಾಲಕಿ, ಕೆಲಸದವರು ಎಂಬ ಕಸುಬಿನ ಹೆಸರಿನಿಂದಲೇ ನಿಂತಿದ್ದಾರೆ. ಬರೆದವರಿಗೆ ಅವರ ಹೆಸರು ತಿಳಿದಿರಲಿಲ್ಲ ಅಥವಾ ಬರೆಯಬೇಕೆಂದು ತೋಚಲಿಲ್ಲ. ಅನ್ಯರು ನಮ್ಮ ಹಿರಿಯರ ಹೆಸರನ್ನು ಬಿಟ್ಟರೆಂದು ನೊಂದುಕೊಳ್ಳುವ ನಾವು, ನಮ್ಮದೇ ಮೊಬೈಲಿನಲ್ಲಿ ನಮ್ಮ ಹೆತ್ತವರನ್ನು ಹೆಸರಿಲ್ಲದೆ ಬಿಡುವುದು ನ್ಯಾಯವೇ?

ಮೂರು ಪ್ರತಿ, ಎರಡು ಬಗೆ, ಒಂದು ಪರಸ್ಥಳ

ಜೋಡಿಸಿದ್ದು ಉಳಿಯಬೇಕಾದರೆ ಪ್ರತಿಗಳು ಬೇಕು. ಛಾಯಾಗ್ರಾಹಕರಲ್ಲಿ ರೂಢಿಯಲ್ಲಿರುವ ಸೂತ್ರ ಹೀಗಿದೆ: ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳಲ್ಲಿ, ಒಂದು ಬೇರೆ ಸ್ಥಳದಲ್ಲಿ. ಮನೆಯ ಗಣಕಯಂತ್ರದಲ್ಲಿ ಒಂದು, ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು, ಬೆಂಗಳೂರಿನಲ್ಲಿಯೋ ಹೈದರಾಬಾದಿನಲ್ಲಿಯೋ ಇರುವ ಮಗನ ಅಥವಾ ಮಗಳ ಮನೆಯಲ್ಲಿ ಇನ್ನೊಂದು. ಅಂತರಜಾಲದ ಸಂಗ್ರಹವನ್ನು ಮೂರರಲ್ಲಿ ಒಂದಾಗಿ ಬಳಸಬಹುದು, ಆದರೆ ಅದೊಂದೇ ಆಗಿರಬಾರದು. ಪೆನ್ ಡ್ರೈವು ಸಾಗಿಸುವುದಕ್ಕೆ ಸರಿ. ವರ್ಷಗಟ್ಟಲೆ ಇಟ್ಟು ಮರೆಯುವುದಕ್ಕೆ ಅಲ್ಲ, ಏಕೆಂದರೆ ವಿದ್ಯುತ್ತಿಲ್ಲದೆ ದೀರ್ಘಕಾಲ ಬಿದ್ದಿದ್ದರೆ ಅದರಲ್ಲಿರುವುದು ಅಳಿಸಿಹೋಗುವ ಸಂಭವವಿದೆ. ನಮ್ಮ ಕಡೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಡಿಸ್ಕನ್ನು ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ ಇಡದೆ, ಧೂಳು ಸೇರದ ತಂಪಾದ ಜಾಗದಲ್ಲಿಡಬೇಕು. ವರ್ಷಕ್ಕೊಮ್ಮೆಯಾದರೂ ಹಚ್ಚಿ ತೆರೆದು ನೋಡಬೇಕು.

ಬೇರೆ ಊರಿನಲ್ಲಿ ಒಂದು ಪ್ರತಿ ಏಕೆ ಎಂಬುದನ್ನು ರಾಯಚೂರು ಜಿಲ್ಲೆಯವರಿಗೆ ವಿವರಿಸಬೇಕಾಗಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಸುರಿದ ಮಳೆಗೆ ಕೃಷ್ಣಾ, ತುಂಗಭದ್ರಾ ನದಿಗಳು ಉಕ್ಕಿಹರಿದು ಮಂತ್ರಾಲಯವೇ ಜಲಾವೃತವಾಯಿತು; ನದಿಪಾತ್ರದ ಊರೂರುಗಳು ನೀರಿನಲ್ಲಿ ನಿಂತವು. ಹೊಸ ಮನೆಗಳನ್ನು ಕಟ್ಟಲು ಸರ್ಕಾರ ಯೋಜನೆ ರೂಪಿಸಿತು, ದಾನಿಗಳು ಕೈಜೋಡಿಸಿದರು. ಮನೆಯನ್ನು ಮತ್ತೆ ಕಟ್ಟಬಹುದು, ಪಾತ್ರೆಪಗಡೆಗಳನ್ನು ಮತ್ತೆ ಕೊಳ್ಳಬಹುದು. ತಾಯಿಯ ಒಂದೇ ಒಂದು ಚಿತ್ರ ನೀರಿನಲ್ಲಿ ಕರಗಿಹೋದರೆ ಅದನ್ನು ಯಾವ ಪರಿಹಾರಧನವೂ ತಂದುಕೊಡದು.

ಎಲ್ಲಿಂದ ಆರಂಭಿಸುವುದು?

ಹತ್ತು ಸಾವಿರ ಚಿತ್ರಗಳೆಂದರೆ ಯಾರಿಗಾದರೂ ಎದೆ ನಡುಗುತ್ತದೆ. ಆದರೆ ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಬೇಕಾಗಿಲ್ಲ. ಮೊದಲ ದಿನ ಮನೆಯ ಎಲ್ಲ ಮೊಬೈಲು, ಪೆನ್ ಡ್ರೈವು, ಸಿಡಿಗಳಿಂದ ಚಿತ್ರಗಳನ್ನು ಒಂದೇ ಡಿಸ್ಕಿಗೆ ತುಂಬಿ, ಏನನ್ನೂ ಅಳಿಸದೆ ಒಂದು ಪ್ರತಿ ಮಾಡಿಟ್ಟುಬಿಡಬೇಕು. ಎರಡನೆಯ ಹಂತದಲ್ಲಿ ತಂತ್ರಾಂಶದ ನೆರವಿನಿಂದ ವರ್ಷವಾರು ಬೇರ್ಪಡಿಸಿ, ಒಂದೇ ಚಿತ್ರದ ಎರಡೆರಡು ಪ್ರತಿಗಳನ್ನೂ, ಶುಭೋದಯದ ಸಂದೇಶಗಳನ್ನೂ, ಮಸುಕಾದವುಗಳನ್ನೂ ತೆಗೆಯಬೇಕು. ಅಷ್ಟರಲ್ಲಿಯೇ ರಾಶಿ ಸಾಕಷ್ಟು ಇಳಿಯುತ್ತದೆ. ಮೂರನೆಯ ಹಂತದಲ್ಲಿ ಸಂದರ್ಭಗಳಿಗೆ ಹೆಸರಿಡಬೇಕು. ಹೆಸರಿನ ಚೀಟಿಗಳನ್ನು ಎಲ್ಲದಕ್ಕೂ ಅಂಟಿಸಬೇಕಾಗಿಲ್ಲ. ಒಂದು ಮದುವೆಯ ಐನೂರು ಚಿತ್ರಗಳಲ್ಲಿ ಮುಖ್ಯವಾದ ಇಪ್ಪತ್ತಕ್ಕೆ ಹೆಸರು ಬರೆದರೂ ಸಾಕು. ಆದರೆ ಹಿರಿಯರು ಮಾತ್ರ ಗುರುತಿಸಬಲ್ಲ ಹಳೆಯ ಚಿತ್ರಗಳನ್ನು ಈ ಸರದಿಗೆ ಕಾಯಿಸಬಾರದು. ಅವಕ್ಕೆ ಮೊದಲ ವಾರದಲ್ಲಿಯೇ ಮೊದಲ ಸ್ಥಾನ.

ಧರ್ಮಕೇಂದ್ರಗಳಿಗೂ ಈ ಮಾತು ಅನ್ವಯಿಸುತ್ತದೆ. ದೇವಾಲಯದ ಶಂಕುಸ್ಥಾಪನೆ, ವಾರ್ಷಿಕ ಹಬ್ಬ, ಶಾಲೆಯ ರಜತೋತ್ಸವ, ಸೇವೆ ಸಲ್ಲಿಸಿ ವರ್ಗವಾದ ಗುರುಗಳು ಮತ್ತು ಧರ್ಮಭಗಿನಿಯರ ಚಿತ್ರಗಳು ಒಬ್ಬರ ಮನೆಯಲ್ಲಿ ಒಂದು, ಇನ್ನೊಬ್ಬರ ಮೊಬೈಲಿನಲ್ಲಿ ಇನ್ನೊಂದು ಎಂಬಂತೆ ಚದುರಿವೆ. ಹಬ್ಬದ ಸ್ಮರಣ ಸಂಚಿಕೆ ತರುವಾಗ ಮಾತ್ರ ಅವುಗಳ ನೆನಪಾಗುತ್ತದೆ; ಆಗ ಅವಸರದಲ್ಲಿ ಸಿಕ್ಕಿದ್ದನ್ನು ಅಚ್ಚುಹಾಕಿ ಅಡಿಬರಹದಲ್ಲಿ "ಹಳೆಯ ನೆನಪು" ಎಂದು ಬರೆದು ಮುಗಿಸುತ್ತೇವೆ. ಯುವಕ ಯುವತಿಯರು ನಾಲ್ಕು ಭಾನುವಾರ ಮಧ್ಯಾಹ್ನ ಒಂದು ಲ್ಯಾಪ್‌ಟಾಪು, ಒಂದು ಸ್ಕ್ಯಾನರು ಹಿಡಿದು ಹಿರಿಯರ ನಡುವೆ ಕುಳಿತರೆ ಸಾಕು, ಊರಿನ ಅರ್ಧ ಶತಮಾನ ಕ್ರಮಕ್ಕೆ ಬರುತ್ತದೆ. ಕಾಗದದ ಚಿತ್ರಗಳನ್ನು ಅಲ್ಲಿಯೇ ಸ್ಕ್ಯಾನ್ ಮಾಡಿ ಕೂಡಲೇ ಮಾಲೀಕರ ಕೈಗೆ ಹಿಂದಿರುಗಿಸಬೇಕು. ಯಾರ ಮನೆಯ ಚಿತ್ರ ಎಂಬುದನ್ನೂ ಟಿಪ್ಪಣಿಯಲ್ಲಿ ಬರೆಯಬೇಕು. ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಪ್ರಕಟಿಸಬಾರದು.

ಪ್ರಿಯ ಓದುಗರೇ, ಯಂತ್ರಗಳು ದಿನದಿನಕ್ಕೂ ಚುರುಕಾಗುತ್ತಿವೆ. ಸಾವಿರ ಚಿತ್ರಗಳಲ್ಲಿ ಒಂದು ಮುಖವನ್ನು ಅವು ಹುಡುಕಿಕೊಡಬಲ್ಲವು. ಆದರೆ ಆ ಮುಖದ ಹೆಸರೇನು, ಆತ ಯಾರ ಮಗ, ಆ ದಿನ ಆಕೆ ಏಕೆ ನಕ್ಕಳು ಎಂಬುದನ್ನು ಯಾವ ಯಂತ್ರವೂ ತಾನಾಗಿ ಹೇಳಲಾರದು. ನಾವು ಹೇಳಿಕೊಟ್ಟರೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಹೇಳಿಕೊಡಬಲ್ಲವರು ಇಂದು ನಮ್ಮ ಪಡಸಾಲೆಯಲ್ಲಿಯೇ ಕುಳಿತಿದ್ದಾರೆ. ಹೊಸ ಮೊಬೈಲು ಮುಂದಿನ ವರ್ಷವೂ ಸಿಗುತ್ತದೆ, ಹೊಸ ತಂತ್ರಾಂಶ ಅದರ ಮರುವರ್ಷವೂ ಬರುತ್ತದೆ. ಅವರು ಕಾಯಲಾರರು. ಈ ಭಾನುವಾರವೇ ಒಂದು ಹಳೆಯ ಚಿತ್ರವನ್ನು ಅವರ ಕೈಗಿತ್ತು ಕೇಳಿ, ಅವರು ಹೇಳಿದ್ದನ್ನು ಬರೆದಿಡಿ.